ಮಾತ್ರೆ ಬಿಡಿ, ಹೆಜ್ಜೆ ಇಡಿ

ಚಿತ್ರದುರ್ಗ
6 ಫೆಬ್ರವರಿ 2023

ಪ್ರೀತಿಯ ಅಕ್ಕ,

ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಸದಾ ಭಾವನ ಜೇಬಿನಲ್ಲಿರುತ್ತದೆ. ಈ ವಿಷಯ ಮೊದಲು ನಿನಗೆ ತಿಳಿಯಲಿ ಅಂತ ಹಾಸ್ಟೆಲಿನ ದಿನಗಳಂತೆ ಕಾಗದ ಹಿಡಿದು ಕೂತಿದ್ದೇನೆ.

ನಮ್ಮ ಟ್ರಸ್ಟಿನಲ್ಲಿ ನಾನು ಎರಡು ವರ್ಷದಿಂದ ರೂಪಿಸುತ್ತಿದ್ದ ಯೋಜನೆಗೆ ಕೊನೆಗೂ ಒಪ್ಪಿಗೆ ಸಿಕ್ಕಿದೆ. ಹೆಸರು ‘ಹೆಜ್ಜೆ ಚೀಟಿ’. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇರುವವರಿಗೆ ಡಾಕ್ಟರು ಔಷಧಿ ಬರೆದುಕೊಡುವಂತೆಯೇ ವ್ಯಾಯಾಮವನ್ನೂ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಮೈದಾನಕ್ಕೆ ಹೋದರೆ ಅಲ್ಲಿ ನಮ್ಮ ತರಬೇತುದಾರರು ಇರುತ್ತಾರೆ. ಯಾರು ಎಷ್ಟು ನಡೆಯಬೇಕು, ಯಾರು ಕುರ್ಚಿಯಲ್ಲಿ ಕೂತೇ ಕೈಕಾಲು ಆಡಿಸಬೇಕು, ಯಾರು ಓಡಲೇಬಾರದು ಅನ್ನುವುದನ್ನು ಅವರು ನೋಡಿಕೊಳ್ಳುತ್ತಾರೆ. ಮೂರು ತಿಂಗಳಾದ ಮೇಲೆ ಮತ್ತೆ ಅದೇ ಡಾಕ್ಟರ ಹತ್ತಿರ ತಪಾಸಣೆ. ಮಾತ್ರೆ ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಮಾಡಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಕಡೆ ಮುಂದಿನ ವಾರ ಶುರು.

ನಿಮ್ಮ ಊರಿಗೆ ಹತ್ತಿರದ ಹಿರಿಯೂರಿಗೆ ರಂಜಿತಾ ಅಂತ ಒಬ್ಬಳು ಬರುತ್ತಾಳೆ, ಫಿಸಿಯೋಥೆರಪಿ ಓದಿದವಳು, ತಾಳ್ಮೆಯ ಹುಡುಗಿ. ಭಾವನನ್ನು ಅವಳ ಗುಂಪಿಗೆ ಸೇರಿಸೋಣ ಅಕ್ಕ. ನವೆಂಬರಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಅವರು ಜಗಲಿ ಬಿಟ್ಟು ಏಳುವುದಿಲ್ಲ ಅಂತ ನೀನೇ ಹೇಳಿದ್ದೆ. ಇಪ್ಪತ್ತಾರು ವರ್ಷ ಹೊಸದುರ್ಗದ ಲೈನಿನಲ್ಲಿ ಬಸ್ಸು ಓಡಿಸಿದವರನ್ನು ಒಂದೇ ದಿನದಲ್ಲಿ ಸ್ಟೀರಿಂಗಿನಿಂದ ಇಳಿಸಿದರೆ ಇನ್ನೇನಾಗುತ್ತದೆ. ನನ್ನನ್ನು ಅದೇ ಬಸ್ಸಿನಲ್ಲಿ, ಇಂಜಿನ್ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕಾಲೇಜಿಗೆ ಬಿಟ್ಟವರು ಅವರು. ನನ್ನ ಯೋಜನೆ ಮೊದಲು ಅವರಿಗೆ ಉಪಯೋಗಕ್ಕೆ ಬರಲಿ ಅಂತ ಆಸೆ.

ಒಂದು ಮಾತು ಮರೆಯಬೇಡ. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರುವ ಆ ಎರಡು ಮಾತ್ರೆಗಳನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಸ್ಟೆಂಟ್ ಹಾಕಿದವರಿಗೆ ಮೊದಲ ವರ್ಷ ಅದೇ ಜೀವ.

ನಿನ್ನ
ಅನು


ಆದಿವಾಲ
2 ಮಾರ್ಚ್ 2023

ಅನು,

ನಿನ್ನ ಕಾಗದ ಓದಿ ಎರಡು ದಿನ ಹೊಲಿಗೆ ಮಿಷನ್ ಡ್ರಾಯರಿನಾಗೆ ಇಟ್ಕಂಡಿದ್ದೆ. ಹೆಂಗೆ ಹೇಳಾದು ಅಂತ. ಕೊನಿಗೆ ಊಟಕ್ಕೆ ಕುಂತಾಗ ಹೇಳಿದೆ. ನಿಮ್ಮ ಭಾವ ನಕ್ಕಂಡು, ‘ನಡಿಯಾಕೂ ಟ್ರೈನಿಂಗಾ? ನಾನೇನು ಈಗ ಹೆಜ್ಜೆ ಇಡೋ ಕೂಸಾ?’ ಅಂದ್ರು. ‘ನಿಮ್ಮ ಡಾಕ್ಟ್ರಮ್ಮನೇ ಮಾಡಿರೋದು’ ಅಂದೆ. ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಶೂ ಹುಡುಕ್ತಿದ್ರು.

ಈಗ ವಾರಕ್ಕೆ ಮೂರು ದಿನ ಹೋಗ್ತಾರೆ. ಆ ರಂಜಿತಾ ಒಳ್ಳೆ ಹುಡುಗಿ. ಮಾತಾಡ್ಕಂಡೇ ನಡೀರಿ, ಮಾತು ಕಡಿಯಂಗಾದ್ರೆ ನಿಂತ್ಕಳ್ರಿ ಅಂತ ಹೇಳ್ಕೊಟ್ಟೈತೆ. ನಿಮ್ಮ ಭಾವನಿಗೆ ಮಾತಾಡು ಅಂತ ಯಾರಾದ್ರೂ ಹೇಳ್ಕೊಡಬೇಕಾ. ಮುಂದೆ ನಿಂತ್ಕಂಡು ‘ರೈಟ್, ಹೋಗಾಣ’ ಅಂತಾರಂತೆ, ಗುಂಪೆಲ್ಲ ಹಿಂದೆ ಹೊರಡ್ತೈತಂತೆ. ಅರ್ಧ ಜನ ಅವ್ರ ಬಸ್ಸಿನಾಗೆ ಓಡಾಡಿದೋರೇ. ಮನಿಗೆ ಬಂದು ನಂಗೆ ಒಬ್ಬೊಬ್ಬರ ಸುದ್ದಿ ಹೇಳ್ತಾರೆ. ಆಸ್ಪತ್ರೆಯಿಂದ ಬಂದಾಗಿನಿಂದ ಇಷ್ಟು ಮಾತು ನಾನು ಕೇಳಿರಲಿಲ್ಲ.

ಮೊನ್ನೆ ಅವ್ರ ಹಳೇ ಬಸ್ಸು ಮನೆ ಮುಂದೆ ಹಾದು ಹೋತು. ಹಾರನ್ ಕೇಳಿದ್ರೆ ಮುಂಚೆ ಒಳಗೆ ಹೋಗಿ ಮಲಗೋರು. ಈ ಸಲ ಎದ್ದು ಕೈ ಬೀಸಿದ್ರು.

ನೀನು ಮಾಡಿರೋದು ಒಳ್ಳೆ ಕೆಲಸ ಕಣೆ. ನಾನು ಬಾಯಿ ಬಿಟ್ಟು ಹೇಳಾದು ಕಮ್ಮಿ, ಅದ್ಕೇ ಬರ್ದೆ.

ನಿನ್ನ ಅಕ್ಕ
ನೇತ್ರಾವತಿ


ಚಿತ್ರದುರ್ಗ
28 ಮೇ 2023

ಪ್ರೀತಿಯ ಅಕ್ಕ,

ಭಾವನ ಮೂರು ತಿಂಗಳ ತಪಾಸಣೆಯ ಫಲಿತಾಂಶ ನೋಡಿದೆ. ತೂಕ ಇಳಿದಿದೆ, ಬಿಪಿ ಹತೋಟಿಯಲ್ಲಿದೆ. ನಮ್ಮ ಸಭೆಯಲ್ಲಿ ಅವರ ಹೆಸರು ಬಂದಾಗ ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಹೇಳಲಾರೆ.

ಈಗ ಒಂದು ಕೋರಿಕೆ. ಎಲೆಕ್ಷನ್ ಮುಗಿದು ಗೋಡೆಗಳೆಲ್ಲ ಖಾಲಿಯಾಗಿವೆ. ಯೋಜನೆಯ ಪೋಸ್ಟರನ್ನು ನಾಲ್ಕೂ ಊರುಗಳ ಬಸ್ ನಿಲ್ದಾಣ, ಆಸ್ಪತ್ರೆ, ಸಂತೆ ಮೈದಾನಗಳಲ್ಲಿ ಹಾಕಬೇಕು ಅಂತ ನಮ್ಮ ಟ್ರಸ್ಟಿನ ಅಧ್ಯಕ್ಷರು ದಯಾನಂದ ಅವರ ಆಸೆ. ಅದಕ್ಕೆ ಸಿನಿಮಾದವರ ಮುಖ ಬೇಡ, ಜನಕ್ಕೆ ಗುರುತಿರುವ ಮುಖ ಬೇಕು ಅಂದರು. ನಾನು ಭಾವನ ಹೆಸರು ಹೇಳಿದೆ. ಹನುಮಂತರಾಜು ಅಂದರೆ ಯಾರಿಗೂ ತಿಳಿಯದಿದ್ದರೂ ರಾಜಣ್ಣನ ಬಸ್ಸು ಅಂದರೆ ಹಿರಿಯೂರಿನಿಂದ ಹೊಸದುರ್ಗದವರೆಗೆ ಗೊತ್ತಿಲ್ಲದವರು ಯಾರು. ಭಾನುವಾರ ಫೋಟೋದವರು ಬರುತ್ತಾರೆ, ಟ್ರ್ಯಾಕ್ ಸೂಟ್ ಅವರೇ ತರುತ್ತಾರೆ.

ಪೋಸ್ಟರಿಗೆ ನಾನು ಬರೆದಿದ್ದ ಸಾಲು ‘ಡಾಕ್ಟರು ಹೇಳಿದಷ್ಟು ನಡೆಯಿರಿ, ಮಾತ್ರೆ ತಪ್ಪಿಸಬೇಡಿ’ ಅಂತ. ದಯಾನಂದ ಸರ್ ಓದಿ, ‘ಇದು ಆಸ್ಪತ್ರೆ ಗೋಡೆ ಮೇಲಿನ ಬರಹದ ಹಾಗಿದೆ ಡಾಕ್ಟ್ರೇ, ಯಾರು ಓದುತ್ತಾರೆ?’ ಅಂದರು. ಅವರೇ ಬೇರೆ ಸಾಲು ಕೊಟ್ಟರು. ‘ಮಾತ್ರೆ ಬಿಡಿ, ಹೆಜ್ಜೆ ಇಡಿ.’ ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ, ಹೇಳಿದೆ. ಘೋಷಣೆಯನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ ಅಂದರು. ಯೋಜನೆಯ ಅಧಿಕೃತ ಉದ್ಘಾಟನೆಯ ದಿನ ಹತ್ತಿರ ಬಂದಿದೆ. ಮೈದಾನದಲ್ಲಿ ತರಬೇತುದಾರರು ಬಿಡಿಸಿ ಹೇಳುತ್ತಾರೆ ಬಿಡು.

ಭಾವನಿಗೆ ಚೆನ್ನಾಗಿ ಕ್ಷೌರ ಮಾಡಿಸಿಕೊಂಡಿರಲು ಹೇಳು.

ನಿನ್ನ
ಅನು


ಆದಿವಾಲ
25 ಜೂನ್ 2023

ಅನು,

ಪೋಸ್ಟರ್ ಬಂದೈತೆ. ಹಿರಿಯೂರು ಬಸ್ ಸ್ಟ್ಯಾಂಡಿನಾಗೆ ನಲ್ಲಿ ಪಕ್ಕದ ಗೋಡೆಗೆ ಆಳೆತ್ತರ ಹಚ್ಚಿದಾರೆ. ಇವ್ರು ನನ್ನ ಕರ್ಕಂಡು ಹೋಗಿ ತೋರ್ಸಿದ್ರು. ಏನೂ ಕೆಲಸ ಇರಲಿಲ್ಲ, ಅದನ್ನ ತೋರ್ಸಾಕೇ ಹೋಗಿದ್ದು. ಚೆನ್ನಾಗಿ ಕಾಣ್ತಾರೆ, ಸುಳ್ಳು ಯಾಕೆ ಹೇಳ್ಲಿ.

ಆದ್ರೆ ಒಂದು ಮಾತು ನನ್ನ ಮನಸಿನಾಗೆ ಕೊರೀತೈತೆ. ಈಗ ಕಂಡೋರಿಗೆಲ್ಲ ಬುದ್ಧಿ ಹೇಳ್ತಾರೆ. ಪಕ್ಕದ ಮನೆ ಎರ್ರಿಸ್ವಾಮಿಗೆ ಬಿಪಿ ಐತೆ. ಮೊನ್ನೆ ಅವ್ನು ಔಷಧಿ ಅಂಗಡಿಗೆ ಹೊಂಟಿದ್ದ. ಇವ್ರು ಜಗಲಿ ಮ್ಯಾಲಿಂದಲೇ, ‘ಲೇ, ಎಷ್ಟು ದಿನ ಆ ಕೆಮಿಕಲ್ ನುಂಗ್ತೀಯ? ಬೆಳಿಗ್ಗೆ ನನ್ನ ಜೊತೆ ಬಾ’ ಅಂದ್ರು. ಅವ್ನು ಅರ್ಧ ದಾರಿಯಿಂದ ವಾಪಸ್ ಬಂದ. ನಾನು, ‘ಹಂಗೆಲ್ಲ ಹೇಳಬಾರ್ದು’ ಅಂದೆ. ‘ನಿನ್ನ ತಂಗಿ ಓದಿರೋಳು ಬರೆಸಿದಾಳೆ, ನೀನು ಬಟ್ಟೆ ಹೊಲಿ’ ಅಂದ್ರು. ನಗ್ತಾನೇ ಅಂದ್ರು. ಆದ್ರೂ ಅಂದ್ರು.

ಅವ್ರದ್ದು ಅವ್ರು ತಗಂತಿದಾರಾ ಅಂದ್ರೆ ಹೂಂ ಅಂತಾರೆ. ಮುಂಚೆ ನನ್ನ ಕೈಲಿ ನೀರು ಇಸ್ಕಂಡು ನುಂಗೋರು. ಈಗ ನಾನೇ ತಗಂತೀನಿ ಅಂತ ಒಳಗೆ ಹೋಗ್ತಾರೆ.

ಆ ಸಾಲು ಸರಿನಾ ಅನು? ನೀನೇ ಒಂದ್ಸಲ ಅವ್ರಿಗೆ ಫೋನ್ ಮಾಡಿ ಕೇಳು. ನನ್ನ ಮಾತು ಗಾಳಿಗೆ ಹೋಗ್ತೈತೆ. ನೀನು ಹೇಳಿದ್ರೆ ಎರಡು ಮಾತಿಲ್ಲ.

ನೇತ್ರಾವತಿ


ಚಿತ್ರದುರ್ಗ
9 ಜುಲೈ 2023

ಅಕ್ಕ,

ತಡವಾಯಿತು, ಕ್ಷಮಿಸು. ಉದ್ಘಾಟನೆ, ಬೆಂಗಳೂರಿನಿಂದ ಬಂದವರು, ಅವರಿಗೆ ವರದಿ, ಉಸಿರಾಡಲು ಬಿಡುವಿಲ್ಲ. ನಿನ್ನ ಆತಂಕ ನನಗೆ ಅರ್ಥವಾಗುತ್ತದೆ. ಇದನ್ನು ಫೋನಿನಲ್ಲಿ ಹೇಳುವುದಕ್ಕಿಂತ ಎದುರಿಗೆ ಹೇಳುವುದು ಒಳ್ಳೆಯದು. ಮುಂದಿನ ಭಾನುವಾರ ಹೊಳಲ್ಕೆರೆಯಲ್ಲಿ ದೊಡ್ಡ ಸಮಾವೇಶ ಇದೆ, ಭಾವನೇ ಮುಖ್ಯ ಅತಿಥಿ. ಟ್ರಸ್ಟಿನ ಕಾರು ಕಳಿಸುತ್ತೇವೆ. ಅಲ್ಲಿ ಸಿಕ್ಕಾಗ ಮಾತಾಡುತ್ತೇನೆ.

ಅನು


ಆದಿವಾಲ
3 ಸೆಪ್ಟೆಂಬರ್ 2023

ಅನು,

ತಿಥಿ ಮುಗಿಸ್ಕಂಡು ನೀನು ಹೋದ ಮ್ಯಾಲೆ ನಾಕು ಸಲ ಫೋನ್ ಮಾಡಿದ್ದೆ. ನಾನು ಎತ್ತಲಿಲ್ಲ. ಆ ಫೋನ್ ಅವ್ರದ್ದು. ಎತ್ತಿದ್ರೆ ಅವ್ರ ದನಿಯಾಗೆ ಹಲೋ ಅನ್ನಬೇಕು ಅನ್ನಸ್ತೈತೆ. ಅದ್ಕೇ ಬರೀತಿದೀನಿ.

ಇಲ್ಲಿದ್ದಾಗ ನೀನು ‘ಹೆಂಗಾತು ಅಕ್ಕ’ ಅಂತ ಕೇಳಿದೆ. ಸುತ್ತ ಜನ ಇದ್ರು, ಹೇಳ್ಲಿಲ್ಲ. ಈಗ ಹೇಳ್ತೀನಿ.

ಮೈದಾನದಿಂದ ಬಂದು ಜಗಲಿ ಮ್ಯಾಲೆ ಕುಂತು ಶೂ ಬಿಚ್ತಿದ್ರು. ಒಂದು ಬಿಚ್ಚಿದ್ರು. ಇನ್ನೊಂದಕ್ಕೆ ಬಗ್ಗಿದೋರು ಹಂಗೇ ಕುಂತ್ರು. ನೋಡಿದ್ರೆ ಮೈಯೆಲ್ಲ ಬೆವರು, ಸ್ನಾನ ಮಾಡಿದಂಗೆ. ಎದೆ ಮ್ಯಾಲೆ ಕಲ್ಲು ಇಟ್ಟಂಗೆ ಆಗ್ತೈತೆ ಅಂದ್ರು. ಮಲ್ಲೇಶನ ಆಟೋ ಕರೆದೆ. ದಾರೀಲಿ ನನ್ನ ಕೈ ಹಿಡ್ಕಂಡಿದ್ರು. ‘ನೇತ್ರಾ, ಆ ಮಾತ್ರೆ ಬಿಟ್ಟಿದ್ದೆ ಕಣೇ. ಎಲ್ಲ ಮಾತ್ರೆನೂ. ತಿಂಗಳಾತು’ ಅಂದ್ರು. ‘ಬೇಗ ಓಡ್ಸಪ್ಪ’ ಅಂತ ಮಲ್ಲೇಶನಿಗೆ ಅಂದೆ. ಆಮೇಲೆ ಅಂದ್ರು, ‘ಯಾರ್ಗೂ ಹೇಳ್ಬ್ಯಾಡ. ಅನೂಗೆ ಕೆಟ್ಟ ಹೆಸರು ಬರ್ತೈತೆ.’

ಅದೇ ಕೊನೇ ಮಾತು. ಆಸ್ಪತ್ರೆ ಬಾಗಿಲಿಗೆ ಹೋಗೋದ್ರಾಗೆ ಕೈ ಸಡಿಲ ಆತು.

ಡಾಕ್ಟ್ರು ಒಳಗಿಂದ ಬಂದು ಮಾತ್ರೆ ಸರಿಯಾಗಿ ತಗಂತಿದ್ರಾ ಅಂತ ಕೇಳಿದ್ರು. ಹೂಂ ಅಂದೆ. ಗಂಡನ ಹೆಣದ ಮುಂದೆ ನಿಂತ್ಕಂಡು ನಿನ್ನ ಹೆಸರು ಉಳಿಸಿದೆ. ಈವರೆಗೂ ಯಾರ್ಗೂ ಹೇಳಿಲ್ಲ. ನಿಂಗೆ ಮಾತ್ರ ಹೇಳ್ತಿರೋದು.

ನಂಗೇನೂ ಬ್ಯಾಡ. ಆ ಪೋಸ್ಟರ್ ತೆಗೆಸಿಬಿಡು. ಎಲ್ಲ ಕಡೆಯಿಂದ.

ನೇತ್ರಾವತಿ


ಚಿತ್ರದುರ್ಗ
20 ಸೆಪ್ಟೆಂಬರ್ 2023

ಅಕ್ಕ,

ನಿನ್ನ ಕಾಗದವನ್ನು ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ನನಗೆ ಅಪ್ಪನ ಮುಖ ಸರಿಯಾಗಿ ನೆನಪಿಲ್ಲ. ಅಪ್ಪ ಅಂದರೆ ನನಗೆ ಕಾಣುವುದು ಭಾವನ ಖಾಕಿ ಅಂಗಿ. ಇದು ನಿನಗೆ ಗೊತ್ತಿದೆ, ಆದರೂ ಬರೆಯುತ್ತಿದ್ದೇನೆ.

ಪೋಸ್ಟರಿನ ವಿಷಯ ದಯಾನಂದ ಸರ್ ಹತ್ತಿರ ಮಾತಾಡಿದೆ. ಅವರಿಗೂ ತುಂಬ ನೋವಾಗಿದೆ. ಆದರೆ ಈಗ ಇದ್ದಕ್ಕಿದ್ದ ಹಾಗೆ ತೆಗೆದರೆ ಜನ ಯಾಕೆ ಅಂತ ಕೇಳುತ್ತಾರೆ, ವ್ಯಾಯಾಮ ಮಾಡಿಯೇ ಸತ್ತರು ಅನ್ನುವ ಸುದ್ದಿ ಹಬ್ಬುತ್ತದೆ, ಮೈದಾನಕ್ಕೆ ಬರುತ್ತಿರುವ ನೂರಾರು ಜನ ಮನೆ ಸೇರುತ್ತಾರೆ ಅನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ ಅಕ್ಕ. ಹೊಸದುರ್ಗದಲ್ಲಿ ಕೋಲು ಹಿಡಿದು ಬಂದವರು ಕೋಲಿಲ್ಲದೆ ಹೋಗುತ್ತಿದ್ದಾರೆ. ಅವರನ್ನೆಲ್ಲ ಕಳೆದುಕೊಳ್ಳುವುದು ಭಾವನಿಗೂ ಇಷ್ಟವಾಗುತ್ತಿರಲಿಲ್ಲ. ಸ್ವಲ್ಪ ಸಮಯ ಕೊಡು.

ದಸರಾ ರಜೆಯಲ್ಲಿ ಬಂದು ನಿನ್ನ ಜೊತೆ ಇರುತ್ತೇನೆ.

ಅನು


ಆದಿವಾಲ
14 ನವೆಂಬರ್ 2023

ಅನು,

ದಸರಾಕ್ಕೆ ಬರ್ತೀನಿ ಅಂದಿದ್ದೆ. ದೀಪಾವಳಿನೂ ಹೋತು. ಇರಲಿ.

ಬಟ್ಟೆ ತರಾಕೆ ವಾರಕ್ಕೊಮ್ಮೆ ಹಿರಿಯೂರಿಗೆ ಹೋಗ್ತೀನಿ. ಬಸ್ ಸ್ಟ್ಯಾಂಡಿನಾಗೆ ಇಳಿಯಬೇಕು, ಇಳಿದ್ರೆ ಅವ್ರು. ಮುಖ ತಿರುಗಿಸ್ಕಂಡು ಹೋದ್ರೆ ಔಷಧಿ ಅಂಗಡಿ ಪಕ್ಕದಾಗೆ ಇನ್ನೊಂದು. ಹೋದ ವಾರ ನಲ್ಲಿ ಹತ್ರ ಒಂದು ಹೆಂಗಸು ನಿಂತಿತ್ತು, ಕೈಯಾಗೆ ಆಸ್ಪತ್ರೆ ಚೀಲ. ಗೋಡೆ ನೋಡಿ ನಂಗೆ, ‘ಈ ಯಣ್ಣ ಮಾತ್ರೆ ಬಿಟ್ಟು ಎಷ್ಟು ಚೆಂದಾಗಿದಾನೆ ನೋಡ್ರಿ. ನಾವು ಸುಮ್ಮನೆ ನುಂಗ್ತೀವಿ’ ಅಂತು.

‘ಆ ಯಣ್ಣ ಸತ್ತೋದ’ ಅಂದೆ.

‘ಥೂ, ಬಿಡ್ತು ಅನ್ರಿ. ಬದುಕಿರೋರ ಬಗ್ಗೆ ಹಂಗಂತಾರಾ?’ ಅಂತ ನಂಗೇ ಬೈದು ಬಸ್ ಹತ್ತಿತು.

ಇನ್ನೊಂದು ವಿಷಯ. ರಂಜಿತಾ ಮನಿಗೆ ಬಂದಿದ್ಲು. ನಿಮ್ಮ ಟ್ರಸ್ಟಿನ ಕೆಲಸ ಬಿಟ್ಟಳಂತೆ. ಕಾಫಿ ಕುಡೀತಾ ಕುಡೀತಾ ಅತ್ತಳು. ಹೊಳಲ್ಕೆರೆ ಸಮಾವೇಶದಾಗೆ ಏನಾತು ಅಂತ ಹೇಳಿದ್ಲು. ಇವ್ರು ಮೈಕ್ ಹಿಡ್ಕಂಡು, ‘ನಾನೂ ಮಾತ್ರೆ ಬಿಟ್ಟೀನಿ ಕಣ್ರಪ್ಪ, ನೋಡ್ರಿ ಹೆಂಗಿದೀನಿ’ ಅಂದ್ರಂತೆ. ಜನ ಎಲ್ಲ ಚಪ್ಪಾಳೆ. ರಂಜಿತಾ ಕೆಳಗೆ ನಿಂತಿದ್ಲಂತೆ. ಇಳಿದು ಬಂದ ಮ್ಯಾಲೆ ಕೇಳಿದ್ರೆ ನಕ್ಕು ಅವಳ ತಲೆ ಸವರಿದ್ರಂತೆ. ದಯಾನಂದ ಅವ್ರಿಗೆ ಹೇಳಿದ್ರೆ, ‘ಕಾರ್ಯಕ್ರಮ ಮುಗೀಲಿ ಬಿಡಮ್ಮ’ ಅಂದ್ರಂತೆ.

ನೀನು ಅವತ್ತು ಸ್ಟೇಜ್ ಮ್ಯಾಲೆ ಇದ್ದೆ. ಇವ್ರ ಪಕ್ಕದ ಪಕ್ಕದ ಕುರ್ಚಿ ಅಂತ ರಂಜಿತಾ ಹೇಳಿದ್ಲು. ಸಿಕ್ಕಾಗ ಮಾತಾಡ್ತೀನಿ ಅಂತ ನಂಗೆ ಬರೆದಿದ್ದೆ.

ಇವ್ರು ಹೇಳಿದ್ದು ನಿಂಗೆ ಕೇಳಿಸ್ತಾ ಅನು?

ನೇತ್ರಾವತಿ


ಚಿತ್ರದುರ್ಗ
8 ಜನವರಿ 2024

ಪ್ರೀತಿಯ ಅಕ್ಕ,

ಹೊಸ ವರ್ಷ ನಿನಗೆ ಸ್ವಲ್ಪವಾದರೂ ನೆಮ್ಮದಿ ತರಲಿ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ಇದೆ. ಏನಾದರೂ ಮಾಡಿಯೇ ನಿನಗೆ ಬರೆಯಬೇಕು ಅಂತ ಹಟ ಹಿಡಿದಿದ್ದೆ. ಎರಡು ತಿಂಗಳು ಸಭೆಗಳಲ್ಲಿ ಜಗಳವಾಡಿದೆ. ನನ್ನ ಕೆಲಸವೇ ಹೋಗಬಹುದು ಅನ್ನುವ ಮಟ್ಟಕ್ಕೆ ಬಂತು. ಕೊನೆಗೆ ದಯಾನಂದ ಸರ್ ಒಪ್ಪಿದರು. ಆ ಸಾಲು ಹೋಯಿತು ಅಕ್ಕ. ಹೊಸ ಪೋಸ್ಟರಿನ ಸಾಲು ‘ಮಾತ್ರೆಯ ಜೊತೆ ಹೆಜ್ಜೆ’. ಕೆಳಗೆ ಸಣ್ಣ ಅಕ್ಷರದಲ್ಲಿ, ಡಾಕ್ಟರನ್ನು ಕೇಳದೆ ಔಷಧಿ ನಿಲ್ಲಿಸಬಾರದು ಅಂತಲೂ ಇದೆ. ಸಂಕ್ರಾಂತಿಯ ಹೊತ್ತಿಗೆ ಹಳೆಯದರ ಮೇಲೆ ಅಂಟಿಸಿ ಮುಗಿಸುತ್ತಾರೆ.

ಭಾವನ ಫೋಟೋ ಉಳಿಸಿಕೊಂಡಿದ್ದಾರೆ. ಬೇರೆಯವರ ಮುಖ ಹಾಕಿ ನೋಡಿದರಂತೆ, ಜನ ನಿಂತು ನೋಡಲಿಲ್ಲವಂತೆ. ಹಿಂದೆ ಈಗ ಕೋಟೆಯ ಚಿತ್ರ ಬಂದಿದೆ, ಇನ್ನೂ ಚೆನ್ನಾಗಿ ಕಾಣುತ್ತಾರೆ. ಅವರು ಹೀಗೆಯಾದರೂ ಜನರ ನಡುವೆ ಇರಲಿ ಅಂತ ನಾನೂ ಸುಮ್ಮನಾದೆ.

ಯೋಜನೆ ಈ ವರ್ಷ ಪಕ್ಕದ ಎರಡು ಜಿಲ್ಲೆಗಳಿಗೂ ಹೋಗುತ್ತಿದೆ. ಚೀಟಿ ಬರೆಯುವ ಡಾಕ್ಟರುಗಳಿಗೆ ತರಬೇತಿ ಕೊಡುವ ಜವಾಬ್ದಾರಿ ನನ್ನದು. ಅಲ್ಲಿ ಮೊದಲ ದಿನವೇ ಮಾತ್ರೆಯ ವಿಷಯ ಹೇಳುತ್ತೇನೆ. ಭಾವನ ಹೆಸರು ಹೇಳದೆ ಹೇಳುತ್ತೇನೆ.

ಊಟ ಸರಿಯಾಗಿ ಮಾಡು.

ನಿನ್ನ
ಅನು


ಆದಿವಾಲ
2 ಫೆಬ್ರವರಿ 2024

ಅನು,

ಕಾಗದ ಎರಡು ಸಲ ಓದಿದೆ. ಕೋಟೆ ಐತೆ, ಸಂಕ್ರಾಂತಿ ಐತೆ, ಊಟ ಐತೆ. ನಾನು ಕೇಳಿದ್ದು ಇಲ್ಲ.

ಹೊಸ ಪೋಸ್ಟರ್ ನೋಡಿದೆ. ಹಳೇ ಸಾಲು ಓದಿದೋರು ಹೊಸ ಸಾಲು ಓದಾಕೆ ಮತ್ತೆ ನಿಲ್ತಾರೆ ಅಂತ ಅಂದ್ಕಂಡಿದೀರಾ? ನಿಲ್ಲಲ್ಲ. ಮುಖ ಅದೇ ಅಲ್ವಾ, ನೋಡಿ ಆಗೈತೆ ಅಂತ ಹೋಗ್ತಾರೆ. ಸಣ್ಣ ಅಕ್ಷರ ನಂಗೇ ಕಾಣ್ಲಿಲ್ಲ, ದಿನಾ ಸೂಜಿಗೆ ದಾರ ಪೋಣಿಸೋಳು ನಾನು.

ಅದ್ಕೇ ನಾನು ಈಗ ಮೈದಾನಕ್ಕೆ ಹೋಗ್ತೀನಿ. ರಂಜಿತಾ ಜಾಗಕ್ಕೆ ಮುರುಗೇಶ್ ಅಂತ ಬಂದೈತೆ, ಸೀಟಿ ಊದ್ತೈತೆ, ಒಳ್ಳೇ ಹುಡುಗನೇ. ನಾನು ಗೇಟ್ ಹತ್ರ ನಿಂತ್ಕಂಡು ಒಳಗೆ ಹೋಗೋರನ್ನೆಲ್ಲ ಕೇಳ್ತೀನಿ, ‘ಮಾತ್ರೆ ತಗಂಡ್ರಾ?’ ಅಂತ. ಮೊದಮೊದಲು ಹುಚ್ಚಿ ಅಂದ್ರು. ಒಬ್ರು ಔಷಧಿ ಕಂಪನಿಯೋಳಾ ಅಂತ ಕೇಳಿದ್ರು.

ಯಲ್ಲದಕೆರೆಯಿಂದ ನಿಂಗಕ್ಕ ಅಂತ ಒಂದು ಹೆಂಗಸು ಮಗಳ ಮನಿಗೆ ಬಂದು ಇಲ್ಲೇ ಇರೋದು. ಕುರಿ ಕಾಯ್ಕಂಡು ಬೆಳೆದ ಜೀವ, ಸಕ್ಕರೆ ಕಾಯಿಲೆ. ಮಾತ್ರೆ ತಗಂಡ್ಯಾ ಅಂದ್ರೆ, ‘ಅದನ್ನ ದಸರಾ ಹಿಂದ್ಲೇ ಬಿಟ್ಟೆ ಕಣವ್ವ. ಗ್ವಾಡೆ ಮ್ಯಾಲೆ ಡ್ರೈವರ್ರು ಹೇಳ್ಯಾನಲ್ಲ’ ಅಂತು.

‘ಆ ಡ್ರೈವರ್ರು ನನ್ನ ಗಂಡ. ಬಿಟ್ಟಿದ್ದಕ್ಕೇ ಹೋದ’ ಅಂದೆ.

ನಂಬ್ಲಿಲ್ಲ. ನನ್ನ ಹಣೆ ನೋಡ್ತು, ಕೊರಳು ನೋಡ್ತು. ಆಮೇಲೆ ಕುಂತ್ಕಂತು. ಕಾಲು ನೋಡಿದ್ರೆ ಹೆಬ್ಬೆರಳಿನಾಗೆ ಹುಣ್ಣು, ಶೂ ಹಾಕ್ಕಂಡು ಅದ್ರ ಮ್ಯಾಲೇ ನಡೀತಿತ್ತು. ಆಸ್ಪತ್ರಿಗೆ ಕರ್ಕಂಡು ಹೋದೆ. ಬೆರಳು ಉಳೀಲಿಲ್ಲ. ಕಾಲು ಉಳೀತು.

ಅವ್ರು ಯಾರ್ಗೂ ಹೇಳ್ಬ್ಯಾಡ ಅಂದಿದ್ರು. ನಿಂಗಕ್ಕಗೆ ಹೇಳಿದೆ. ಇನ್ನು ಕೇಳ್ದೋರಿಗೆಲ್ಲ ಹೇಳ್ತೀನಿ.

ನೇತ್ರಾವತಿ


ಚಿತ್ರದುರ್ಗ
11 ಆಗಸ್ಟ್ 2024

ಪ್ರೀತಿಯ ಅಕ್ಕ,

ಆರು ತಿಂಗಳಲ್ಲಿ ಮೂರು ಕಾಗದ ಬರೆದೆ, ನಿನ್ನಿಂದ ಉತ್ತರವಿಲ್ಲ. ವರ್ಷದ ಕಾರ್ಯಕ್ಕೆ ಬಂದಾಗಲೂ ನೀನು ನನ್ನ ಜೊತೆ ಅಡುಗೆಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಆದರೂ ಈ ಸುದ್ದಿ ನಿನಗೆ ನಾನೇ ಹೇಳಬೇಕು.

ಹಿರಿಯೂರಿನ ಮೈದಾನದ ಅಂಕಿ ಅಂಶ ನೋಡಿ ಎಲ್ಲರಿಗೂ ಆಶ್ಚರ್ಯವಾಯಿತು. ಮಾತ್ರೆ ತಪ್ಪಿಸುವವರು ಅಲ್ಲಿ ಉಳಿದ ಎಲ್ಲ ಕಡೆಗಿಂತ ಕಡಿಮೆ. ಯಾಕೆ ಅಂತ ಮುರುಗೇಶನನ್ನು ಕೇಳಿದರೆ, ‘ಗೇಟಿನಲ್ಲಿ ಅಕ್ಕ ಕೇಳ್ತಾರೆ ಸರ್’ ಅಂದನಂತೆ. ದಯಾನಂದ ಸರ್‌ಗೆ ಅದು ಎಷ್ಟು ಹಿಡಿಸಿತು ಅಂದರೆ ಈಗ ಎಲ್ಲ ಮೈದಾನಗಳಲ್ಲೂ ಅದನ್ನು ಜಾರಿ ಮಾಡುತ್ತಿದ್ದೇವೆ. ಪ್ರತಿ ಗುಂಪಿನಲ್ಲಿ ಒಬ್ಬ ಹೆಂಗಸು ಮಾತ್ರೆ ಕೇಳುವುದು. ಆ ಭಾಗಕ್ಕೆ ‘ಅಕ್ಕ ಕೇಳ್ತಾರೆ’ ಅಂತಲೇ ಹೆಸರಿಟ್ಟಿದ್ದೇವೆ.

ಸೆಪ್ಟೆಂಬರ್ 15ಕ್ಕೆ ಚಿತ್ರದುರ್ಗದಲ್ಲಿ ವಾರ್ಷಿಕ ಸಮಾರಂಭ. ನಿನಗೆ ಸನ್ಮಾನ ಮಾಡಬೇಕು ಅಂತ ಎಲ್ಲರ ಒತ್ತಾಯ. ಬಾ ಅಕ್ಕ. ನನಗೋಸ್ಕರ ಅಲ್ಲದಿದ್ದರೂ ಭಾವನಿಗೋಸ್ಕರ ಬಾ. ಎರಡು ಮಾತು ಆಡಿದರೆ ಸಾಕು.

ನಿನ್ನ
ಅನು


ಆದಿವಾಲ
18 ಸೆಪ್ಟೆಂಬರ್ 2024

ಅನು,

ಬಂದಿದ್ದೆ. ನೋಡಿದೆ. ಕಾರು ಬ್ಯಾಡ ಅಂತ ಬಸ್ಸಿಗೇ ಬಂದೆ.

ಶಾಲು ಹೊದಿಸಿದ್ರು, ಹಣ್ಣಿನ ಬುಟ್ಟಿ ಕೊಟ್ರು. ಹಿಂದಿನ ಪರದೆ ಮ್ಯಾಲೆ ಇವ್ರು ನಗ್ತಾ ನಿಂತಿದ್ರು, ಅವ್ರ ಕಾಲ ಹತ್ರ ನನ್ನ ಕುರ್ಚಿ. ಎರಡು ಮಾತು ಆಡು ಅಂದಿದ್ಯಲ್ಲ, ಆಡಿದೆ. ಮನೇಲಿ ಹೇಳ್ಕಂಡು ಬಂದಿದ್ದೆಲ್ಲ ಮರ್ತೋತು, ಬಾಯಿಗೆ ಬಂದಿದ್ದು ಹೇಳಿದೆ. ‘ನನ್ನ ಗಂಡ ನಡೆದು ಸಾಯ್ಲಿಲ್ಲ. ನಡಿಗೆ ಅವ್ರಿಗೆ ಒಳ್ಳೇದೇ ಮಾಡ್ತು. ನಿಮ್ಮ ಗೋಡೆ ಮ್ಯಾಲೆ ಬರೆದಿದ್ದನ್ನ ನಂಬಿ ಮಾತ್ರೆ ಬಿಟ್ಟು ಸತ್ರು. ಬಿಟ್ಟೀನಿ ಅಂತ ಹೊಳಲ್ಕೆರೆ ಸ್ಟೇಜ್ ಮ್ಯಾಲೆ ಎಲ್ಲರ ಮುಂದೆ ಹೇಳಿದ್ರು. ಅವತ್ತು ಆ ಸ್ಟೇಜ್ ಮ್ಯಾಲೆ ಕುಂತಿದ್ದೋರು ಇವತ್ತು ಈ ಸ್ಟೇಜ್ ಮ್ಯಾಲೂ ಕುಂತಿದಾರೆ.’

ಅಷ್ಟೇ ಹೇಳಿದ್ದು. ಇನ್ನೂ ಇತ್ತು, ಮೈಕ್ ಕೆಳಗಿಟ್ಟೆ.

ಈಗ ಯಾರಾದ್ರೂ ಎದ್ದು ಏನಾದ್ರೂ ಕೇಳ್ತಾರೆ ಅಂದ್ಕಂಡೆ. ಕೇಳೋ ಹೊತ್ತಿಗೆ ನಿರೂಪಣೆ ಮಾಡ್ತಿದ್ದ ಹುಡುಗಿ ಮೈಕ್ ತಗಂಡು, ‘ಎಂಥಾ ಮನಸ್ಸು ಮುಟ್ಟುವ ಮಾತುಗಳು. ಈ ತಾಯಿಗೆ ಒಂದು ಜೋರಾದ ಚಪ್ಪಾಳೆ’ ಅಂತು. ಎಲ್ಲ ಹೊಡೆದ್ರು. ದಯಾನಂದ ಅವ್ರು ಎದ್ದು ನಿಂತು ಹೊಡೆದ್ರು. ನನ್ನ ಗಂಡನ್ನ ಕೊಂದಿದ್ದು ನೀವೇ ಅಂದ್ರೆ ಅದಕ್ಕೂ ಹೊಡೀತಾರೆ ಅಂತ ನಂಗೆ ಗೊತ್ತಿರಲಿಲ್ಲ.

ನಾನು ಅವ್ರನ್ನ ನೋಡ್ತಿರಲಿಲ್ಲ. ನಿನ್ನ ಕೈ ನೋಡ್ತಿದ್ದೆ. ಸ್ವಲ್ಪ ಹೊತ್ತು ತೊಡೆ ಮ್ಯಾಲೇ ಇದ್ವು. ನೀನು ಆ ಕಡೆ ನೋಡ್ದೆ, ಈ ಕಡೆ ನೋಡ್ದೆ. ಆಮೇಲೆ ನೀನೂ ಹೊಡೆದೆ.

ಹೊಳಲ್ಕೆರೆಲೂ ಹಿಂಗೇ ಆಗಿರ್ತೈತೆ. ಕೇಳಿಸ್ತಾ ಅಂತ ನಾನು ಕೇಳಿದ್ದಕ್ಕೆ ಇನ್ನು ನೀನು ಉತ್ತರ ಬರಿಯೋದು ಬ್ಯಾಡ.

ಶಾಲು ಕುರ್ಚಿ ಮ್ಯಾಲೇ ಬಿಟ್ಟು ಬಂದೆ. ಗೌರಿ ಹಬ್ಬಕ್ಕೆ ಅಂತ ನೀನು ಕೊಟ್ಟಿದ್ದ ಎರಡು ರವಿಕೆ ಹೊಲಿದಾಗೈತೆ, ತೋಳು ಸ್ವಲ್ಪ ಸಡಿಲ ಬಿಟ್ಟೀನಿ. ಬಸ್ಸಿನೋರ ಕೈಲಿ ಕಳಿಸ್ತೀನಿ, ಸ್ಟ್ಯಾಂಡಿಗೆ ಹೋಗಿ ಇಸ್ಕ. ಮುಂದಿನದ್ದು ಅಲ್ಲೇ ಚಿತ್ರದುರ್ಗದಾಗೆ ಯಾರ ಹತ್ರನಾದ್ರೂ ಹೊಲಿಸ್ಕ.

ನೇತ್ರಾವತಿ ಹನುಮಂತರಾಜು